ಅಮಾನತು ಮಾಡಿದ ಹೆಡ್‌ಮಾಸ್ತರರು

ನಾನು ನವಲಗುಂದದ ಕಡೆ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಾಗ ಇದ್ದ ಹೆಡ್‌ಮಾಸ್ತರರು ಬಾಯಿ ತೆರೆಯುವ ಮೊದಲು ಕಾಲರಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಬರುವ ಮಾತು ಮಾತ್ರ ಒಂದೇ: "ನಿಯಮ ಅಂದ್ರ ನಿಯಮರಿ."

ಒಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಶಿಸ್ತಿನ ಮೇಲೆ ಭಾಷಣ ಮಾಡುತ್ತಿರುವಾಗ ಗೇಟಿನಾಚೆ ಎಮ್ಮೆಯೊಂದು ಒದರಿತು. ಎರಡನೇ ತರಗತಿಯ ಹುಡುಗಿಯೊಬ್ಬಳು ನಕ್ಕಳು. ಎಮ್ಮೆಯ ಹೆಸರು ಹಾಜರಿಯಲ್ಲಿ ಇಲ್ಲದ ಕಾರಣ ಶಿಕ್ಷೆ ಹುಡುಗಿಗೇ ಬಂತು. "ಒಂದು ವಾರ ಅಮಾನತು!" ಎಂದು, ತಹಶೀಲ್ದಾರನನ್ನೇ ಕುರ್ಚಿಯಿಂದ ಇಳಿಸುವ ಗತ್ತಿನಲ್ಲಿ ಸಾರಿ, ಆಕೆಯನ್ನು ಮನೆಗೆ ಅಟ್ಟಿದರು.

ಸ್ವಲ್ಪ ಹೊತ್ತಿಗೆ ಅಜ್ಜಿ ಅವಳ ಕೈ ಹಿಡಿದು ಬಂದಳು. ವಾರದ ಪಾಠ ತಪ್ಪಿದರೆ ಹೇಳಿಕೊಡಲು ಅವರ ಮನೆಯಲ್ಲಿ ಅಕ್ಷರ ಬಲ್ಲವರಿರಲಿಲ್ಲ. ಅಜ್ಜಿ ಮೊಮ್ಮಗಳನ್ನು ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿ ಅಂದಳು:

"ಅಮಾನತ್ ಅಂದ್ರ ನಂಬಿ ಇಟ್ಟ ಒಡವಿರಿ ಸರ. ಜ್ವಾಕಿ ಮಾಡಬೇಕ್ರಿ, ಬೀದಿಗೆ ಬಿಡೂದಲ್ಲ. ತಗೋರಿ, ಸಂಜಿಗೆ ಬರ್ತೀನಿ. ಇಟ್ಟಂಗ ವಾಪಸ್ ಕೊಡ್ರಿ, ಒಂದ್ ಹಲ್ಲೂ ಕಮ್ಮಿ ಆಗಬಾರ್ದು. ನಿಯಮ ಅಂದ್ರ ನಿಯಮರಿ!"

ಹೆಡ್‌ಮಾಸ್ತರರ ಬೆರಳು ಕಾಲರಿಗೆ ಹೋಯಿತು. ಗುಂಡಿ ಮೊದಲೇ ಹಾಕಿಯಾಗಿತ್ತು.

ಮಧ್ಯಾಹ್ನ ಚಿಕ್ಕಿ ಕಡಿಯುವಾಗ ಹುಡುಗಿಯ ಹಾಲುಹಲ್ಲೊಂದು ಉದುರಿತು. ಸಂಜೆ ಶಾಲೆ ಬಿಟ್ಟ ಮೇಲೂ ಹೆಡ್‌ಮಾಸ್ತರರು ಒಂದು ಕೈಯಲ್ಲಿ ಹುಡುಗಿಯನ್ನು, ಇನ್ನೊಂದರಲ್ಲಿ ಕಾಗದದಲ್ಲಿ ಕಟ್ಟಿದ ಹಲ್ಲನ್ನು ಹಿಡಿದುಕೊಂಡು ಗೇಟಿನಲ್ಲಿ ಅಜ್ಜಿಯ ದಾರಿ ಕಾಯುತ್ತ ನಿಂತಿದ್ದರು.