ಫಕ್ಕೀರಗೌಡರ ಅರ್ಧ ಭಾಷಣ

ಫಕ್ಕೀರಗೌಡರು ಎದುರಾಳಿಗೆ ಉತ್ತರ ಕೊಡುವ ಮೊದಲು ಅವನ ಮಾತನ್ನು ಅವನಿಗಿಂತ ಚೆನ್ನಾಗಿ ತಾವೇ ಹೇಳಿಬಿಡುತ್ತಿದ್ದರು. ಲೋಕಸಭೆಯಲ್ಲಾಗಲಿ, ಶಿರಹಟ್ಟಿಯ ಅವರ ಮನೆಯ ಪಡಸಾಲೆಯಲ್ಲಾಗಲಿ ಈ ಕ್ರಮ ತಪ್ಪುತ್ತಿರಲಿಲ್ಲ. ಎಡಗೈ ಮುಂದೆ ಚಾಚಿ, ಒಂದೊಂದೇ ಬೆರಳು ಮಡಚುತ್ತ, ಎದುರಿನವನು ತಡವರಿಸಿದ್ದನ್ನು ನೆಟ್ಟಗೆ ಮಾಡಿ, ಮರೆತದ್ದನ್ನು ಸೇರಿಸಿ ಹೇಳುವರು. ಆಮೇಲೆ, “ಹಿಂಗ ಅಲ್ಲೇನ್ರಿ ನಿಮ್ಮ ಮಾತು? ನಾ ಬಿಟ್ಟದ್ದಿದ್ರ ಹೇಳ್ರಿ” ಎಂದು ಕೇಳುವರು. ಅವನು ಹೌದೆಂದು ತಲೆಯಾಡಿಸಿದ ಮೇಲೆಯೇ ಉತ್ತರ ಕೊಡಲು ಬಲಗೈ ಮೇಲೇಳುತ್ತಿತ್ತು. ಬಲಗೈ ಎದ್ದಿತೆಂದರೆ ತಲೆಯಾಡಿಸಿದವನ ಕತೆ ಮುಗಿದಂತೆ.

ನಾನು ಬೆಟಗೇರಿಯವನು, ಗದಗಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಗೌಡರು ಸಂಸದರಾದ ಮೇಲೆ ವಿದ್ಯುತ್ತಿನ ವಿಷಯಕ್ಕೆ ಟಿಪ್ಪಣಿ ಬರೆದುಕೊಡುವ ಕೆಲಸ ನನಗೆ ಬಂತು. ನಮ್ಮ ಕಡೆ ಗುಡ್ಡದ ಮೇಲೆ ಸಾಲುಸಾಲು ಗಾಳಿಯಂತ್ರ, ಕೆಳಗೆ ಎರೆ ಹೊಲದಲ್ಲಿ ಸೋಲಾರ್ ಫಲಕ. ದಿಲ್ಲಿಯಲ್ಲಿ ಇಂಧನದ ಮಾತು ಬಂದರೆ ಗೌಡರು ಎದ್ದು ನಿಲ್ಲದೆ ಇರುತ್ತಿರಲಿಲ್ಲ. ವಿಚಿತ್ರವೆಂದರೆ ಅವರು ನನ್ನಿಂದ ತಮ್ಮ ಪರವಾಗಿ ಒಂದು ಸಾಲೂ ಬರೆಸಲಿಲ್ಲ.

“ನನ್ನ ಉತ್ತರ ನನಗ ಬರತೈತಿ ಮಾಸ್ತರ. ನೀವು ಅವರ ವಕಾಲತ್ತು ಬರೀರಿ. ಓದಿದ್ರ ನನಗ ‘ಅಯ್ಯೋ, ಇವರದ ಖರೆ ಐತಿ’ ಅನ್ನಿಸಬೇಕು. ಅನ್ನಿಸಲಿಲ್ಲಂದ್ರ ಹಾಳಿ ಹರದ ಒಗೀರಿ.”

ಅವರ ಪಡಸಾಲೆಯಲ್ಲಿ ನಾನು ಹರಿದೊಗೆದ ಹಾಳೆಗಳಿಗೆ ಲೆಕ್ಕವಿಲ್ಲ. “ಇಷ್ಟ ದಡ್ಡ ಇರಾಂಗಿಲ್ರಿ ಅವ್ರು. ನೀವು ಅವ್ರನ್ನ ಸೋಲ್ಸಾಕ ಬರದೀರಿ” ಎಂದು ಹಾಳೆ ಹಿಂದಕ್ಕೆ ಕೊಡುತ್ತಿದ್ದರು. ಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತ ನನಗೆ ಅದರ ರುಚಿ ಹತ್ತಿತು. ಎದುರು ಪಕ್ಷದ ಮಾತನ್ನು ನನ್ನಷ್ಟು ಸೊಗಸಾಗಿ ಬರೆಯುವವರು ಆ ಪಕ್ಷದಲ್ಲೂ ಇಲ್ಲ ಎಂದು ಒಳಗೊಳಗೇ ಬೀಗತೊಡಗಿದೆ.

ಮುಂಡರಗಿಯಲ್ಲಿ ನಡೆದದ್ದನ್ನು ಹೇಳಬೇಕು. ರೈತರ ಸಭೆಗೆ ಸೋಲಾರ್ ಕಂಪನಿಯ ಕಡೆಯಿಂದ ಒಬ್ಬ ಎಳೆಯ ಎಂಜಿನಿಯರ್ ಬಂದಿದ್ದ. ಮೈಕು ಹಿಡಿದವನಿಗೆ ಬೆವರೊಡೆದು ಮಾತು ಹೊರಡಲಿಲ್ಲ. ಜನ ಸಿಳ್ಳು ಹಾಕಿ ಕೂಡಿಸಲು ನೋಡಿದರು. ಗೌಡರು ಎದ್ದು, “ತಡೀರ್ಲೇ, ಅಂವ ಹೇಳೂದು ನಾ ಹೇಳ್ತೀನಿ” ಎಂದು ಮೈಕು ಇಸಿದುಕೊಂಡರು. ಹತ್ತು ನಿಮಿಷ ಕಂಪನಿಯ ಪರವಾಗಿ ಮಾತಾಡಿದರು ನೋಡಿ, ಮುಂದಿನ ಸಾಲಿನ ಇಬ್ಬರು ರೈತರು ಆಗಲೇ ಹೊಲ ಕೊಡುವ ಮಾತಿಗೆ ಬಂದಿದ್ದರು. ಎಂಜಿನಿಯರ್ ಅಂತೂ ಖುಷಿಯಿಂದ ಚಪ್ಪಾಳೆ ತಟ್ಟಿದ. ಆಗ ಬಲಗೈ ಎದ್ದಿತು. ಸಭೆ ಮುಗಿದ ಮೇಲೆ ಆ ಹುಡುಗ ಗೌಡರ ಕಾಲಿಗೆ ಬಿದ್ದು, “ಸರ್, ಮೊದಲಿನ ಹತ್ತು ನಿಮಿಷ ಬರೆದು ಕೊಡ್ತೀರೇನು?” ಎಂದು ಕೇಳಿದ. ಗೌಡರು ನನ್ನ ಕಡೆ ಬೆರಳು ಮಾಡಿದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಇನ್ನು ಹೇಳಬೇಕಾದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಅದನ್ನು ಬಿಟ್ಟು ಗೌಡರ ಬಗ್ಗೆ ಬರೆದರೆ ಇನ್ನೊಂದು ಮೋಸ ಮಾಡಿದಂತೆ.

ರೈತರ ಹೊಲವನ್ನು ದೀರ್ಘಕಾಲಕ್ಕೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಪಡೆದು ಸೋಲಾರ್ ಹಾಕುವ ನೀತಿಯ ಮೇಲೆ ಲೋಕಸಭೆಯಲ್ಲಿ ಚರ್ಚೆ ಇತ್ತು. ಆಡಳಿತ ಪಕ್ಷದಿಂದ ಮಾತಾಡಿದವರು ನೆರೆಯ ಜಿಲ್ಲೆಯ ಸದಸ್ಯರು, ವೃತ್ತಿಯಲ್ಲಿ ವಕೀಲರು. ಗೌಡರು ಅವರನ್ನು ‘ವಕೀಲ ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ನಾನು ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದೆ. ಗೌಡರು ಎದ್ದು ಎಂದಿನಂತೆ ವಕೀಲರ ಮಾತಿನಿಂದಲೇ ಕನ್ನಡದಲ್ಲಿ ಆರಂಭಿಸಿದರು. ಅದು ಪೂರ್ತಿ ನಾನು ಬರೆದದ್ದು. “ಮಳೆ ನಂಬಿ ಕೂತ ರೈತನಿಗೆ ಬಿಸಿಲು ಬಾಡಿಗೆ ಕೊಡುತ್ತೇನೆ ಅಂದರೆ, ಬೇಡ ಎನ್ನಲು ನಾವು ಯಾರು?” ಎಂಬ ವಾಕ್ಯ ಬಂದಾಗ ಆಡಳಿತ ಪಕ್ಷದವರು ಮೇಜು ಕುಟ್ಟಿದರು. ನನ್ನ ಮೈ ಜುಮ್ಮೆಂದಿತು.

ವಕೀಲರು ಹೌದೆಂದು ತಲೆಯಾಡಿಸಿದರು. ಗೌಡರ ಬಲಗೈ ಎದ್ದಿತು. “ಹೊಲದ ಮಾಲಕಗ ಲಾವಣಿ ಬರತೈತ್ರಿ, ಖರೆ. ಆ ಹೊಲದಾಗ ಕಳೆ ತಗಿಯೂ ಹೆಣ್ಮಕ್ಕಳಿಗೆ ಏನು ಬರತೈತಿ? ನಮ್ಮ ಗುಡ್ಡದಾಗ ಹುಟ್ಟಿದ ಕರೆಂಟು ಬೆಟಗೇರಿ ನೇಕಾರನ ತಲಿ ಮ್ಯಾಲೆ ಹಾದು ಹೋಗತೈತಿ. ಅವನ ಮಗ್ಗ ನಿಂತಿರತೈತಿ. ಕೂಲಿ ಮಾಡಾವ್ರಿಗೂ ಪಾಲು ಬರೀರಿ, ಆಮ್ಯಾಲ ಈ ನೀತಿಗೆ ನಾನೂ ಕೈ ಎತ್ತತೀನಿ.” ವಕೀಲರು ಎದ್ದು, ಕೂಲಿಯವರ ಪಾಲು ನೀತಿಯಲ್ಲಿ ಬಿಟ್ಟುಹೋಗಿದೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ನಾನು ಮಾಡಿದ್ದೇನು? ಆ ವಿಡಿಯೊದಲ್ಲಿ ಮೊದಲ ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಂಡೆ. ‘ಇದು ನಮ್ಮ ಲೇಖನಿಯ ಪ್ರತಾಪ’ ಎಂದು ಮೇಲೊಂದು ಸಾಲು ಬರೆದು ಕಾಲೇಜಿನ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ಗೆಳೆಯರು ಭೇಷ್ ಎಂದರು. ಮೂರನೆಯ ದಿನ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಅದೇ ತುಣುಕನ್ನು ಜೋರಾಗಿ ಹಚ್ಚಿಕೊಂಡು ಕೂತಿದ್ದ. ನನ್ನ ಸಾಲು ಹೋಗಿತ್ತು. ಅದರ ಜಾಗದಲ್ಲಿ ‘ದಿಲ್ಲಿಯಲ್ಲಿ ನಮ್ಮ ಹೊಲ ಮಾರಿದ ಗೌಡ’ ಎಂದಿತ್ತು. ಚುನಾವಣೆ ಹತ್ತಿರ ಬಂದಿತ್ತು.

ಯಳವತ್ತಿಯ ಸಭೆಯಲ್ಲಿ ಶಾಂತವ್ವ ಎಂಬ ಕೂಲಿ ಹೆಣ್ಣುಮಗಳು ಎದ್ದು ನಿಂತಳು. “ಗೌಡ್ರ, ಹೊಲ ಕೊಡ್ರಿ ಅಂತ ನೀವ ಹೇಳೀರಂತ. ಖರೇನ್ರಿ?” ಬಾಯಲ್ಲಿ ಬಂದದ್ದನ್ನು ಇಲ್ಲವೆನ್ನುವುದು ಗೌಡರಿಂದ ಆಗುವ ಮಾತಲ್ಲ. “ಹೇಳೀನವ್ವಾ. ನನ್ನ ಬಾಯಿಲೇ ಹೇಳೀನಿ. ಮುಂದಿಂದೂ ಕೇಳು…” ಎಂದು ಶುರು ಮಾಡಿದರು. ‘ಹೇಳೀನಿ’ ಎಂದದ್ದೇ ತಡ, ಜನ ಏಳತೊಡಗಿದ್ದರು. ಮುಂದಿನದನ್ನು ಕೇಳಲು ಶಾಂತವ್ವ ಒಬ್ಬಳೇ ನಿಂತಿದ್ದಳು. ನಾನು ಗೌಡರ ಪಕ್ಕದಲ್ಲೇ ಇದ್ದೆ. ಪೂರ್ತಿ ಭಾಷಣ ನನ್ನ ಫೋನಿನಲ್ಲೇ ಇತ್ತು. ತೆಗೆದು ತೋರಿಸಿದರೆ ಕತ್ತರಿಸಿದವನು ಯಾರೆಂಬ ಪ್ರಶ್ನೆ ಬರುತ್ತದೆಂದು ಕಿಸೆಯ ಮೇಲೆ ಕೈ ಒತ್ತಿಕೊಂಡು ನಿಂತೆ.

ಕಾರ್ಯಕರ್ತರು ಇದು ವಕೀಲರದೇ ಕಿತಾಪತಿ ಎಂದು ತೀರ್ಮಾನ ಮಾಡಿಬಿಟ್ಟರು. ಗೌಡರು “ಸಾಕ್ಷಿ ಇಲ್ಲದ ಯಾರ ಹೆಸರೂ ಎತ್ತಬ್ಯಾಡ್ರಿ” ಎಂದು ಗದರಿದರೂ ಕೇಳದೆ ವಕೀಲರ ಮನೆಯ ಮುಂದೆ ಹೋಗಿ ಕೆಟ್ಟಕೆಟ್ಟದಾಗಿ ಕೂಗಿ ಬಂದರು. ಆ ಮನೆಯಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಆಗಲೂ ನಾನು ತುಟಿ ಎರಡು ಮಾಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಚುನಾವಣೆ ಮುಗಿದೇ ಹೋಯಿತು. ಗೌಡರು ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು ಎಂದು ಎಲ್ಲರೂ ಅಂದರು. ನಾನೂ ಎಲ್ಲರಿಗಿಂತ ಜೋರಾಗಿ ಅಂದೆ.

ಕೊನೆಯ ಸಲ ಅವರನ್ನು ಕಂಡದ್ದು ಶಿರಹಟ್ಟಿಯಲ್ಲಿ, ಮಧ್ಯಾಹ್ನದ ಹೊತ್ತು. ಎದೆನೋವು ಬಂದು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಮಾತು ಸಣ್ಣಗಾಗಿತ್ತು.

“ಮಾಸ್ತರ, ವಕೀಲ ಸಾಹೇಬ್ರಿಗೆ ಒಂದು ಕಾಗದ ಬರೀಬೇಕು. ನಮ್ಮ ಮಂದಿ ಅವರ ಮನಿ ಮುಂದ ಹೋಗಿ ತಪ್ಪು ಮಾಡ್ಯಾರ. ಮಾಫಿ ಕೇಳೂದೈತಿ.”

“ನೀವ್ಯಾಕ ಕೇಳ್ಬೇಕ್ರಿ ಗೌಡ್ರ?” ಎಂದೆ.

“ಮತ್ತ ಯಾರ ಕೇಳ್ಬೇಕು?” ಎಂದು ನನ್ನನ್ನೇ ನೋಡಿದರು. ಅವರಿಗೆ ಗೊತ್ತಿತ್ತೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ನಾನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದೆ. ಅವರು ಹೇಳಿದ್ದು ನಾಲ್ಕೇ ಮಾತು, ಉಳಿದದ್ದನ್ನು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಬರೆದೆ. ಒಂದು ವಾಕ್ಯ ಸರಿಯಾಗಿ ಕೂಡಲಿಲ್ಲವೆಂದು ಎರಡು ಸಲ ತಿದ್ದಿದೆ ಕೂಡ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, “ಇನ್ನೇನರೆ ಸೇರಸೂದೈತೇನ್ರಿ?” ಎಂದರು.

ಅಷ್ಟು ಸಲೀಸಾದ ಅವಕಾಶ ನನಗೆ ಮತ್ತೆ ಸಿಗುವುದಿಲ್ಲ. “ಏನಿಲ್ರಿ” ಎಂದೆ.

“ಆತು” ಎಂದು ಸಹಿ ಮಾಡಿದರು. ಹದಿನೈದು ದಿನಕ್ಕೆ ಹೋಗಿಬಿಟ್ಟರು.

ಗದಗಿನಲ್ಲಿ ಶ್ರದ್ಧಾಂಜಲಿ ಸಭೆಯಾಯಿತು. ವಕೀಲರು ಬಂದಿದ್ದರು. ಅವರು ಭಾಷಣ ಮಾಡಲಿಲ್ಲ, ಕೋಟಿನ ಕಿಸೆಯಿಂದ ಆ ಕಾಗದ ತೆಗೆದು ಓದಿದರು. “ನಿಮ್ಮ ಹೊಸ್ತಿಲ ಮುಂದೆ ಕೂಗಿದ ಬಾಯಿಗಳು ಬೇರೆಯವರವಾದರೂ ಆ ಮಾತು ನನ್ನದೆಂದೇ ತಿಳಿಯಿರಿ. ನಿಮ್ಮ ತಾಯಿಯವರಿಗೆ ಈ ಮಗನೂ ಕೈ ಮುಗಿದನೆಂದು ತಿಳಿಸಿರಿ” ಎಂಬಲ್ಲಿಗೆ ಅವರು ಓದು ನಿಲ್ಲಿಸಿದರು. ಕಾಗದವನ್ನು ಕಣ್ಣಿಗೊತ್ತಿಕೊಂಡು, “ಇಂಥಾ ಮನಷ್ಯಾನ ಎದುರಿಗೆ ನಿಂತು ಮಾತಾಡಿದ್ದ ನನ್ನ ಪುಣ್ಯ” ಎಂದರು.

ನನ್ನ ಪಕ್ಕದಲ್ಲಿ ಯಳವತ್ತಿಯ ಶಾಂತವ್ವ ಕೂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಎಷ್ಟ ಚಂದ ಬರದಾರ್ರೀ ಗೌಡ್ರು!” ಎಂದಳು.

“ಹೌದವ್ವಾ” ಎಂದೆ.

ಜನರೆಲ್ಲ ಅಳುತ್ತಿದ್ದರು. ಗೌಡರ ಫೋಟೋ ಎದುರಿಗೇ ಇತ್ತು. ಆಗ ನನ್ನ ಮನಸ್ಸಿನಲ್ಲಿ ಮೊದಲು ಮೂಡಿದ್ದು ದುಃಖವಲ್ಲ, ಪಶ್ಚಾತ್ತಾಪವೂ ಅಲ್ಲ. ಅದು ನಾನು ಬರೆದ ವಾಕ್ಯ ಎಂದು ನಾನು ಹಿಗ್ಗಿದ್ದೆ.