ನನ್ನ ಬಾಗಿಲ ಮುಂದಿನ ಗುಲ್‌ಮೆಹಂದಿ

ಬೀಬೀಜಾನಳಿಗೂ ನನಗೂ ಮೊದಲ ಜಗಳ ಆದದ್ದು ಒಂದು ಎಣ್ಣೆ ಡಬ್ಬದ ವಿಷಯಕ್ಕೆ. ಆಂಟಾಪ್ ಹಿಲ್‌ನ ನಮ್ಮ ಚಾಳಿನ ಎರಡನೇ ಮಾಳಿಗೆಯಲ್ಲಿ ನನ್ನದು ಕೊನೆಯ ಖೋಲಿ, ಅವಳದು ನಡುವಿನದು. ಅವಳ ಬಾಗಿಲ ಮುಂದೆ ಹೂವಿನ ಗಿಡ ನೆಟ್ಟ ಹಳೆಯ ಎಣ್ಣೆ ಡಬ್ಬಗಳು ತುಂಬಿ ಕಾಲಿಡಲು ಜಾಗ ಉಳಿಯದಿದ್ದಾಗ, ಒಂದನ್ನು ತಂದು ನಾನು ಚಪ್ಪಲಿ ಬಿಡುವ ಜಾಗದಲ್ಲಿ ಇಟ್ಟಳು.

“ಇದನ್ನು ತೆಗಿ ಮಾರಾಯ್ತಿ, ನಾನು ಚಪ್ಪಲಿ ತಲೆ ಮೇಲೆ ಇಡುದಾ?” ಎಂದೆ.

“ಇರ್ಲಿ ಬಿಡ ಯಕ್ಕಾ. ಅದೇನ ನಿನ್ನ ಪಾಲಿನ ಅನ್ನಾ ಉಣ್ತೈತೇನ?”

“ಇಡುದಾದ್ರೆ ಇಡು. ನಾನು ಒಂದು ಲೋಟ ನೀರು ಹಾಕ್ಲಿಕ್ಕಿಲ್ಲ. ಈಗ್ಲೇ ಹೇಳಿದ್ದೇನೆ.”

ಅವಳು ನಕ್ಕು ಹೋದಳು. ನಾನು ಚಪ್ಪಲಿಯನ್ನು ಒಳಗೆ ಬಿಡತೊಡಗಿದೆ. ನನ್ನ ಗಂಡ ತೀರಿಹೋದ ಮೇಲೆ ವಡಾಲಾದ ಹೋಟೆಲೊಂದರಲ್ಲಿ ತೆಂಗಿನಕಾಯಿ ತುರಿದು, ತರಕಾರಿ ಹೆಚ್ಚಿ ಬರುವವಳು ನಾನು. ಸಂಜೆ ಮನೆಗೆ ಬಂದರೆ ನನಗೇ ಒಂದು ಲೋಟ ನೀರು ಬಗ್ಗಿಸಿಕೊಳ್ಳಲು ಕೈ ಬರುವುದಿಲ್ಲ, ಇನ್ನು ಅವಳ ಹೂವಿಗೆಲ್ಲಿ?

ಬೀಬೀಜಾನ ಬೀಳಗಿ ಕಡೆಯವಳು. ಗಂಡ ಬಾಷಾ ಗಾದಿ ಹೊಲಿಯುತ್ತಾನೆ. ಅವಳು ಬೆಳಗಾಗುವ ಮೊದಲೇ ಎದ್ದು, ಜಿಟಿಬಿ ನಗರದಲ್ಲಿ ಲೋಕಲ್ ಹತ್ತಿ ಚೆಂಬೂರಿಗೆ ಹೋಗಿ, ಮೂರು ಮನೆಗಳಲ್ಲಿ ಚಪಾತಿ ಲಟ್ಟಿಸಿ ಬರುತ್ತಾಳೆ. ಬಂದವಳು ಚೀಲ ಕೆಳಗಿಡುವ ಮೊದಲೇ ಡಬ್ಬದ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಾಳೆ. ಬೆರಳಿಗೆ ಮಣ್ಣು ಮೆತ್ತಿದರೆ ನೀರು ಹಾಕುವುದಿಲ್ಲ, ಒಣಗಿ ಉದುರಿದರೆ ಮಾತ್ರ ಒಂದು ಲೋಟ. ಆ ಸಸಿಯ ದಂಟಿನಲ್ಲಿ ಬರೀ ನೀರೇ ತುಂಬಿರುತ್ತದೆ, ಅದಕ್ಕೆ ಬಾಯಾರಿಕೆಯೂ ಬೇಗ, ಕೊಳೆಯುವುದೂ ಬೇಗ. ನಾವು ಅದನ್ನು ಗೌರಿ ಹೂವು ಅನ್ನುತ್ತೇವೆ, ಅವಳು ಗುಲ್‌ಮೆಹಂದಿ ಅನ್ನುತ್ತಾಳೆ. ಪಕ್ಕದ ಖೋಲಿಯ ಶೆವಂತಾಬಾಯಿಗೆ ಅದು ತೇರಡಾ. “ತೇರಡಾದ ಬಣ್ಣ ಮೂರೇ ದಿನ” ಎಂದು ಅವರಲ್ಲಿ ಗಾದೆಯೇ ಇದೆಯಂತೆ. ಮೂರು ದಿನದ ಬಣ್ಣಕ್ಕೆ ವರ್ಷವಿಡೀ ಈ ಚಾಕರಿ ಯಾಕೆ ಎಂದು ಒಮ್ಮೆ ಕೇಳಿಯೂಬಿಟ್ಟೆ.

ಅವಳು ಬಲಿಯುತ್ತಿದ್ದ ಒಂದು ಕಾಯಿಗೆ ಹಳೆಯ ಓಢಣಿಯ ತುಂಡು ಕಟ್ಟುತ್ತಿದ್ದಳು. ಆ ಕಾಯಿ ಬಲಿತ ಮೇಲೆ ಮುಟ್ಟಿದರೆ ಸಾಕು, ಪಟ್ಟನೆ ಒಡೆದು ಬೀಜವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ.

“ನಮ್ಮವ್ವನ ಹಿತ್ತಲದಾಗಿನ ಬೀಜ ಇದು” ಎಂದಳು. “ಆ ಊರು ಆಲಮಟ್ಟಿ ಹಿನ್ನೀರಾಗ ಹೋತು. ಮನಿ ಹೋತು, ಹಿತ್ತಲಾ ಹೋತು, ಅವ್ವನ ಗೋರಿನೂ ನೀರಾಗೇ ಐತಿ. ನಾ ಮದಿವ್ಯಾಗಿ ಬರೂಮುಂದ ಸೆರಗಿನಾಗ ಕಟ್ಕೊಂಡು ಬಂದದ್ದಷ್ಟ ಉಳದೈತಿ. ವರ್ಷಾ ಹಚ್ಚಬೇಕ ಯಕ್ಕಾ. ಒಂದ ವರ್ಷ ತಪ್ಪಿದ್ರ ಮುಗೀತು.”

ನಾನು ನನ್ನ ಬಾಗಿಲ ಮುಂದಿನ ಡಬ್ಬವನ್ನು ಗೋಡೆಗೆ ಸರಿಸಿ ಸರಿಯಾಗಿಟ್ಟೆ.

ಈ ಸಲ ಶ್ರಾವಣದಲ್ಲಿ ಅವಳಿಗೆ ಮಲೇರಿಯಾ ಹಿಡಿಯಿತು. ನಡುಗುತ್ತಲೇ ಕೆಲಸಕ್ಕೆ ಹೋಗಿ, ಒಂದು ದಿನ ಮೆಟ್ಟಿಲಲ್ಲೇ ಕುಸಿದಳು. ಬಾಷಾ ಟ್ಯಾಕ್ಸಿ ತಂದ. ಇಡೀ ಚಾಳು ಕೆಳಗೆ ಬಂದು ನಿಂತಿತ್ತು. ಸೀಟಿನ ಮೇಲೆ ಮುದುಡಿ ಮಲಗಿದ್ದವಳು ತಲೆ ಎತ್ತಿ, “ನನ್ನ ಗಿಡಾ ನೋಡ್ಕೊಳ್ರಿ. ಕಾಯಿ ಇನ್ನಾ ಬಲ್ತಿಲ್ಲ” ಎಂದಳು. ವರ್ಷದ ಬೀಜವನ್ನೆಲ್ಲ ಆಗಲೇ ಬಿತ್ತಿ ಮುಗಿಸಿದ್ದಳು ಪುಣ್ಯಾತ್ಗಿತ್ತಿ, ಮನೆಯಲ್ಲಿ ಒಂದು ಕಾಳೂ ಇರಲಿಲ್ಲ.

ನೋಡಿಕೊಂಡರು. ನೋಡಿಕೊಳ್ಳಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನಮ್ಮಲ್ಲಿ ನಳ ಬರುವುದು ಸಂಜೆ. ಹೊಸ ನೀರು ಬಂದ ಕೂಡಲೇ ಪಿಂಪು, ಅಂದರೆ ನೀರಿನ ಡ್ರಮ್ಮಿನ ತಳದಲ್ಲಿ ಉಳಿದ ನಿನ್ನೆಯ ನೀರನ್ನು ಚೆಲ್ಲಿ ತುಂಬಿಸಿಕೊಳ್ಳುವುದು ಚಾಳಿನ ರೂಢಿ. ಯಾವಾಗಲೂ ಮೋರಿಗೆ ಹೋಗುತ್ತಿದ್ದ ಆ ನೀರು ಈಗ ಬೀಬೀಜಾನಳ ಡಬ್ಬಗಳಿಗೆ ಹೋಯಿತು. ಶೆವಂತಾಬಾಯಿ ಒಂದು ಬಾಲ್ದಿ, ಆಚೆ ಖೋಲಿಯ ಯಕ್ಷಿತಾ ಒಂದು ಬಾಲ್ದಿ, ಮೇಲಿನ ಮಾಳಿಗೆಯವರು ಇಳಿದು ಬಂದು ಒಂದೊಂದು ತಂಬಿಗೆ. ಎಲೆಗಳು ಜೋತುಬಿದ್ದವು. ಪಾಪ, ಬಾಯಾರಿದೆ ಎಂದು ಬೆಳಿಗ್ಗೆಯೂ ಹಾಕಿದರು. ಇನ್ನಷ್ಟು ಜೋತುಬಿದ್ದವು, ಇನ್ನಷ್ಟು ಹಾಕಿದರು. ಒಬ್ಬರೂ ಮಣ್ಣಿಗೆ ಬೆರಳು ಹಾಕಲಿಲ್ಲ.

“ಆಂಟಿ, ನೀವು ನಿಮ್ಮ ಬಾಗಿಲ ಹತ್ರದ ಡಬ್ಬಕ್ಕೆ ನೀರು ಹಾಕುದಿಲ್ವಾ? ಹೌ ಮೀನ್!” ಎಂದಳು ಯಕ್ಷಿತಾ, ಅವಳ ಅರೆಬೆಂದ ಕನ್ನಡದಲ್ಲಿ.

“ನಾನು ಹಾಕುದಿಲ್ಲ ಅಂತ ಮೊದಲೇ ಹೇಳಿಯಾಗಿದೆ” ಎಂದೆ. ಅವಳು ಬಾಲ್ದಿ ಎತ್ತಿಕೊಂಡು ಬಂದಾಗ, “ನನ್ನ ಬಾಗಿಲ ಎದುರು ಕೆಸರು ಮಾಡಬೇಡ” ಎಂದು ವಾಪಸು ಕಳಿಸಿದೆ. ಅದರಲ್ಲಿ ಯಾವ ಜಾಣತನವೂ ಇರಲಿಲ್ಲ. ಅಂದು ಹೋಟೆಲಿನಲ್ಲಿ ಎರಡು ಚೀಲ ಈರುಳ್ಳಿ ಸುಲಿದು ಬಂದಿದ್ದೆ, ಮತ್ತೆ ನೆಲ ಒರೆಸುವ ತ್ರಾಣ ನನಗಿರಲಿಲ್ಲ. ವಾರಿಜಕ್ಕನ ಎದೆ ಕಲ್ಲು ಎಂದು ಚಾಳಿನಲ್ಲಿ ನನ್ನ ಬಗ್ಗೆ ಮಾತಾಯಿತು. ಆಗಲಿ ಎಂದು ಬಾಗಿಲು ಹಾಕಿಕೊಂಡೆ. ನನ್ನ ಮೂಲೆಗೆ ಓರೆಮಳೆ ಹೊಡೆಯುತ್ತದೆ, ಆ ಡಬ್ಬ ಅದನ್ನೇ ಕುಡಿದುಕೊಂಡಿತ್ತು.

ಬೀಬೀಜಾನ ಆಸ್ಪತ್ರೆಯಿಂದ ಬಂದಾಗ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬಾಷಾನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದು, ಡಬ್ಬಗಳ ಮುಂದೆ ಕುಕ್ಕರಿಸಿದಳು. ಒಂದು ಸಸಿಯನ್ನು ಮುಟ್ಟಿದಳು. ಬುಡದಲ್ಲಿ ಕೊಳೆತ ದಂಟು ಅವಳ ಕೈಗೇ ಬಂತು. ಇನ್ನೊಂದನ್ನು ಮುಟ್ಟಿದಳು, ಅದೂ ಹಾಗೇ. ಕಾಯಿಗಳು ಬಲಿಯುವ ಮೊದಲೇ ಕಪ್ಪಾಗಿ ಕರಗಿದ್ದವು.

“ಏಕ್ ದಿನ್ ಭೀ ನಾಗಾ ನಹೀ ಕಿಯಾ, ಬೀಬೀ” ಎಂದು ಶೆವಂತಾಬಾಯಿ ಅಳತೊಡಗಿದಳು. ಒಂದು ದಿನವೂ ತಪ್ಪಿಸಲಿಲ್ಲವಂತೆ. ಬೀಬೀಜಾನ ಅವಳ ಕೈ ತಟ್ಟಿದಳು, ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ಗೋಡೆ ಹಿಡಿದು ಎದ್ದು, ನನ್ನ ಬಾಗಿಲವರೆಗೆ ಬಂದಳು. ಆ ಡಬ್ಬದಲ್ಲಿ ಗುಲಾಬಿ ಬಣ್ಣದ ಹೂವು ಎರಡೋ ಮೂರೋ ಇದ್ದವು, ಕೆಳಗೆ ಕಾಯಿಗಳು ತುಂಬಿಕೊಂಡಿದ್ದವು. ಅವಳು ಮಣ್ಣಿಗೆ ಬೆರಳು ಚುಚ್ಚಿ ನೋಡಿ ನನ್ನ ಮುಖ ನೋಡಿದಳು. ಚಾಳಿಗೆ ಚಾಳೇ ನನ್ನನ್ನು ನೋಡುತ್ತಿತ್ತು.

“ನಾನು ಎಂತದೂ ಮಾಡ್ಲಿಲ್ಲ ಬೀಬಿ” ಎಂದೆ.

“ಗೊತ್ತೈತಿ ಯಕ್ಕಾ. ಅದಕ್ಕ ಉಳದೈತಿ.”

ಮರುದಿನ ಅವಳ ಖೋಲಿಯಲ್ಲಿ ಜನವೋ ಜನ. ಒಬ್ಬಳ ಕೈಯಲ್ಲಿ ಎಳನೀರು, ಒಬ್ಬಳ ಕೈಯಲ್ಲಿ ರಾಗಿ ಗಂಜಿ, ಶೆವಂತಾಬಾಯಿಯ ಕೈಯಲ್ಲಿ ಪಪಾಯಿ ಎಲೆಯ ರಸ. ಕುಡಿ, ಏಳು, ಹೀಗೆ ಮಲಗಬೇಡ, ಇನ್ನೊಂದು ಗುಟುಕು. ಅವಳ ತಲೆ ಜೋತುಬಿದ್ದಷ್ಟೂ ಲೋಟಗಳು ಹೆಚ್ಚಾದವು. ನನಗೆ ವಾರದ ರಜೆ. ಬಾಗಿಲು ಓರೆ ಮಾಡಿ ಚಾಪೆಯ ಮೇಲೆ ಬಿದ್ದುಕೊಂಡಿದ್ದೆ.

ಮಧ್ಯಾಹ್ನ ಬಾಗಿಲು ಸರಿಯಿತು. ಬೀಬೀಜಾನ ಒಳಗೆ ಬಂದು ನನ್ನ ಚಾಪೆಯ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು.

“ಯಕ್ಕಾ, ನನಗೇನೂ ಕೊಡಬ್ಯಾಡ” ಎಂದಳು.

ನಾನು ಕೊಡಲಿಲ್ಲ. ಹೇಗಿದ್ದೀ ಎಂದೂ ಕೇಳಲಿಲ್ಲ. ಎದ್ದು ಚಿಲಕ ಹಾಕಿ ಬಂದು ಅವಳ ಪಕ್ಕದಲ್ಲೇ ಒರಗಿದೆ. ಸ್ವಲ್ಪ ಹೊತ್ತಿಗೆ ಅವಳ ಉಸಿರು ನಿಧಾನವಾಯಿತು.

ಹೊರಗೆ ಶೆವಂತಾಬಾಯಿ ಲೋಟ ಹಿಡಿದು ಬಂದು ಬಾಗಿಲು ತಟ್ಟಿ, ಬೀಬೀ ಇಲ್ಲಿದ್ದಾಳಾ ಎಂದು ಕೇಳಿದಳು.

“ಇಲ್ಲ” ಎಂದೆ.