ವೈರ್‌ಲೆಸ್ ಇಲ್ಲ ಅಂತ ನಾನು ಹೇಳಿದ್ದು

ಸೊಸೆ ನಮ್ಮ ಮನೆಗೆ ಬರುವಾಗ ಎರಡು ಟ್ರಂಕು ತಂದಳು. ಒಂದರಲ್ಲಿ ಸೀರೆ, ಪಾತ್ರೆ. ಇನ್ನೊಂದಕ್ಕೆ ಬೀಗ. ಅವಳವ್ವ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವಳು, ಒಳ್ಳೆಯದೇನೋ ಬಚ್ಚಿಟ್ಟು ಕಳಿಸಿದ್ದಾಳೆ ಅಂದುಕೊಂಡೆ. ಮೂರನೇ ದಿನ ಬೀಗ ತೆಗೆದಳು. ಒಳಗೆ ಒಂದು ಕಪ್ಪು ಪೆಟ್ಟಿಗೆ, ಒಂದು ಸುರುಳಿ ತಂತಿ, ಕೈಯಲ್ಲಿ ಹಿಡಿದು ಮಾತಾಡುವ ಮೈಕು.

"ಏನೇ ಇದು?"

"ರೇಡಿಯೋ, ಅತ್ತೆ."

"ಹಾಡು ಬರ್ತಾವಾ?"

"ಇಲ್ಲ. ನಾನು ಮಾತಾಡಿದ್ರೆ ದೂರದೋರು ತಿರುಗಿ ಮಾತಾಡ್ತಾರೆ."

"ಯಾರು ದೂರದೋರು?"

"ಯಾರು ಸಿಕ್ತಾರೋ ಅವರು."

ಯಾರು ಸಿಕ್ಕರೆ ಅವರ ಜೊತೆ ಮಾತಾಡುವ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಚಳ್ಳಕೆರೆಯಲ್ಲಿ ಕಾಲೇಜು ಓದುವಾಗ ಹತ್ತಿಸಿಕೊಂಡ ಹುಚ್ಚು ಅದು. ಪರೀಕ್ಷೆ ಬರೆದು ಸರ್ಕಾರದಿಂದ ಲೈಸೆನ್ಸು ತಗೊಂಡಿದ್ದಳು. ನನ್ನ ಮಗ ಪರಶುರಾಂಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ತಂತಿ, ಪೈಪು ಅಂದರೆ ಅವನಿಗೂ ಹುಚ್ಚೇ. ಇಬ್ಬರೂ ಸೇರಿ ಮಾಳಿಗೆ ಮೇಲಿನ ಪೈಪಿನಿಂದ ಹಿತ್ತಿಲ ಬೇವಿನ ಮರಕ್ಕೆ ಇಳಿಜಾರಾಗಿ ತಂತಿ ಎಳೆದರು.

ದಿನಾ ಸಂಜೆ ಅಡುಗೆ ಮುಗಿಸಿ ಅವಳು ಪೆಟ್ಟಿಗೆ ಮುಂದೆ ಕೂರುತ್ತಿದ್ದಳು. ನಾನು ಬಾಗಿಲ ಹೊರಗೆ ಶೇಂಗಾ ಸುಲಿಯುತ್ತಾ ಕೂರುತ್ತಿದ್ದೆ. ಶೇಂಗಾ ಮುಗಿದರೂ ಏಳುತ್ತಿರಲಿಲ್ಲ. ಅವಳು ಯಾವತ್ತೂ ಮೊದಲು ತನ್ನ ಹೆಸರು ಹೇಳಲಿಲ್ಲ. ಸರ್ಕಾರ ಕೊಟ್ಟ ಒಂದು ಗುರುತು ಇತ್ತು, ಇಂಗ್ಲಿಷಿನ ಅಕ್ಷರ, ನಂಬರು. ಅದನ್ನೇ ಹೇಳುವಳು. ಆ ಕಡೆಯವರೂ ಹಾಗೇ. ಆಮೇಲೆ "ಐದು, ಒಂಬತ್ತು" ಅನ್ನುವಳು. ಸ್ವಂತ ಹೆಸರು ಮುಚ್ಚಿಟ್ಟು ನಂಬರಿನಲ್ಲಿ ಮಾತಾಡುವವರು ಎಂಥವರು?

"ಐದು ಒಂಬತ್ತು ಅಂದ್ರೇನೇ?" ಒಂದು ದಿನ ಕೇಳಿಯೇ ಬಿಟ್ಟೆ.

"ನಿಮ್ಮ ದನಿ ಚೆನ್ನಾಗಿ ಕೇಳ್ತೈತೆ ಅಂತ, ಅತ್ತೆ."

"ಕೇಳ್ತೈತೆ ಅಂತ ಹೇಳೋಕೆ ಅಷ್ಟು ದೂರ ಮಾತಾಡ್ಬೇಕಾ?"

ಅವಳು ನಕ್ಕಳು. ನಾನು ನಗಲಿಲ್ಲ. ಆ ಮೈಕು ಒಂದು ಸಲ ನನ್ನ ಕೈಗೆ ಕೊಡು ಅಂದೆ. "ನೀವು ಮುಟ್ಟಂಗಿಲ್ಲ" ಅಂದಳು. ನನ್ನ ಅನುಮಾನ ಅವತ್ತು ಗಟ್ಟಿಯಾಯಿತು.

ನಮ್ಮೂರು ವರವು ಕಾವಲ್ ಪಕ್ಕದ್ದು. ಮೊದಲು ಕುರಿ ಮೇಯಿಸುತ್ತಿದ್ದ ಹುಲ್ಲುಗಾವಲಿಗೆ ಈಗ ಸರ್ಕಾರದವರು ಕಟ್ಟಿದ ಗೋಡೆ ಇದೆ. ಗೋಡೆ ಬರುವುದಕ್ಕೆ ಮುಂಚೆ ಫೈಲು ಹಿಡಿದವರು ಬಂದು ಕುರಿ ಎಷ್ಟು, ಎಲ್ಲಿ ಮೇಯಿಸ್ತೀರಿ ಅಂತ ಕೇಳಿ ಬರೆದುಕೊಂಡು ಹೋಗಿದ್ದರು. ನಾವೂ ಹಲ್ಲು ಬಿಟ್ಟುಕೊಂಡು ಎಲ್ಲಾ ಹೇಳಿದ್ದೆವು. ಅವರು ಬರೆದುಕೊಂಡದ್ದಕ್ಕೂ ಗೋಡೆಗೂ ಸಂಬಂಧ ಇತ್ತೋ ಇಲ್ಲವೋ, ಊರಿಗೆ ಒಂದು ಬುದ್ಧಿ ಬಂತು. ಫೈಲು ಹಿಡಿದವನು ಬಂದರೆ ಏನು ಕೇಳಿದರೂ ಇಲ್ಲ ಅನ್ನಬೇಕು. ಇಲ್ಲ ಅನ್ನುವುದಕ್ಕೆ ಆಗದಿದ್ದರೆ ಗೊತ್ತಿಲ್ಲ ಅನ್ನಬೇಕು.

ಪಕ್ಕದ ಮನೆಯವಳು ಬೇರೆ ದಿನಾ ಚುಚ್ಚುತ್ತಿದ್ದಳು. "ಗೋಡೆ ಆಚೆ ಏರೋಪ್ಲೇನು ಹಾರಿಸಿ ನೋಡ್ತಾರೆ. ಈಚೆ ನಿನ್ನ ಸೊಸೆ ತಂತಿ ಕಟ್ಟಿ ಯಾರಿಗೋ ನಂಬರ್ ಹೇಳ್ತಾಳೆ. ಜೀಪು ಬಂದಾಗ ನನ್ನ ಕರೀಬೇಡ ಕಣಕ್ಕ."

ಜೀಪು ಬರಲಿಲ್ಲ, ಮೋಟಾರ್ ಸೈಕಲ್ ಬಂತು. ಮಧ್ಯಾಹ್ನ ಹನ್ನೆರಡರ ಹೊತ್ತು. ಮಗ ಪರಶುರಾಂಪುರದಲ್ಲಿ, ಸೊಸೆ ಚಳ್ಳಕೆರೆಯಲ್ಲಿ. ಯಾಕೆ ಹೋಗುತ್ತೀ ಅಂತ ಬೆಳಿಗ್ಗೆ ಕೇಳಿದ್ದಕ್ಕೆ "ಡಾಕ್ಟರ ಹತ್ರ ಒಂದು ಸರ್ಟಿಫಿಕೇಟ್ ಬೇಕು" ಅಂದಿದ್ದಳು, ಅಷ್ಟೇ. ಬಂದವನು ಪ್ಯಾಂಟು ಶರಟಿನಲ್ಲಿದ್ದ, ಬೂಟು ಮಾತ್ರ ಪೋಲೀಸಿನದು. ಕಂಕುಳಲ್ಲಿ ಫೈಲು. ಅವನು ಗಾಡಿ ನಿಲ್ಲಿಸಿ ನಮ್ಮ ಬಾಗಿಲಿಗೆ ಬರುವುದರೊಳಗೆ ನಾನು ಹಿತ್ತಿಲಿಗೆ ಹೋಗಿ, ಹಿಂಡಿಟ್ಟಿದ್ದ ಒದ್ದೆ ಸೀರೆಯನ್ನು ಬೇವಿನ ಮರದ ಹತ್ತಿರ ತಂತಿಯ ಮೇಲೆ ಹರವಿದ್ದೆ.

"ಅಜ್ಜಿ, ನಿಮ್ಮ ಮನೇಲಿ ವೈರ್‌ಲೆಸ್ ಇಟ್ಟವ್ರಂತಲ್ಲ?"

"ಇಲ್ಲ."

"ಆ ತಂತಿ?"

"ಬಟ್ಟೆ ಒಣಹಾಕೋದು."

"ಸೊಸೆ ಎಲ್ಲವ್ರೆ?"

"ಗೊತ್ತಿಲ್ಲ."

"ರೇಡಿಯೋದಾಗೆ ಮಾತಾಡ್ತಾರೆ ಅಂತ ಅವರೇ ಬರ್ಕೊಟ್ಟವ್ರಲ್ಲ?"

"ನಮ್ಮನೇಲಿ ಅಂಥದ್ದೇನೂ ಇಲ್ಲಪ್ಪ. ಹೋಗಿ ಬಾ."

ಅವನು ಸೀರೆ ನೋಡಿದ, ನನ್ನ ನೋಡಿದ, ಏನೋ ಬರೆದುಕೊಂಡು ಹೋದ.

ಸಂಜೆ ಸೊಸೆ ಬಂದ ಕೂಡಲೇ ಹೇಳಿದೆ. "ನಿನ್ನ ಹಿಡ್ಕೊಂಡು ಹೋಗೋಕೆ ಬಂದಿದ್ದ. ಓಡಿಸಿದೆ." ಉಪಕಾರ ಮಾಡಿದ್ದೇನೆ ಅಂತಲೇ ಹೇಳಿದ್ದು. ಅವಳು ಚಪ್ಪಲಿ ಸಹ ಬಿಚ್ಚದೆ ಹೊಸ್ತಿಲಲ್ಲೇ ಕೂತುಬಿಟ್ಟಳು. ಆಮೇಲೆ ಮೆತ್ತಗೆ ಹೇಳಿದಳು. ಸರ್ಕಾರದ ವೈರ್‌ಲೆಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ, ಪರೀಕ್ಷೆ ಪಾಸಾಗಿದ್ದಳಂತೆ. ಸ್ವಂತ ಲೈಸೆನ್ಸು ಇದೆ, ಮನೆಯಲ್ಲೇ ಯಂತ್ರ ನಡೆಸುತ್ತೇನೆ ಅಂತ ಬರೆದಿದ್ದಕ್ಕೇ ಅವಳ ಹೆಸರು ಮೇಲೆ ಬಂದದ್ದು. ಅದು ನಿಜವೋ ಸುಳ್ಳೋ ನೋಡಲು ಪೋಲೀಸಿನವನು ಬಂದದ್ದು. ಸುಳ್ಳು ಅಂತ ವರದಿ ಹೋದರೆ ಕೆಲಸ ಹೋಯಿತು, ಇನ್ನು ಮುಂದೆ ಎಲ್ಲಿ ಅರ್ಜಿ ಹಾಕಿದರೂ ಆ ಮಸಿ ಇದ್ದೇ ಇರುತ್ತದೆ.

"ನನಗೇನೇ ಗೊತ್ತು? ಮೊದಲೇ ಬೊಗಳಬಾರದಾ?"

"ಮೊದಲೇ ಹೇಳಿದ್ರೆ ನೀವು ಅರ್ಜಿ ಹಾಕೋಕೆ ಬಿಡ್ತಿದ್ರಾ?"

ಬೆಳಿಗ್ಗೆ ಬೀಗ ಹಾಕಿದ ಟ್ರಂಕು ಎತ್ತಿಕೊಂಡು ಮೊಳಕಾಲ್ಮುರಿನ ಬಸ್ಸು ಹತ್ತಿದಳು. ಮಗ ಅವಳನ್ನು ಬಸ್ಸಿಗೆ ಬಿಟ್ಟು ಬಂದು ನನ್ನ ಮುಂದೆ ನಿಂತ.

"ಅವ್ವ, ನಿಜ ಹೇಳು. ಬೇಕಂತ ಅಂದ್ಯಾ?"

ಅವಳು ಮನೆಗೆ ಬಂದ ಮೂರು ವರ್ಷವೂ ನಾನು ಅವಳ ಮೇಲೆ ಅನುಮಾನ ಪಟ್ಟಿದ್ದೆ. ಒಂದೇ ರಾತ್ರಿಯಲ್ಲಿ ಎಲ್ಲರ ಅನುಮಾನವೂ ನನ್ನ ಮೇಲೆ ಬಂತು. ಸೊಸೆ ನೌಕರಿಗೆ ಹೋದರೆ ರೊಟ್ಟಿ ತಟ್ಟುವವರು ಯಾರು ಅಂತ ಮುದುಕಿ ಕಲ್ಲು ಹಾಕಿದಳು ಅಂತ ಪಕ್ಕದ ಮನೆಯವಳೂ ಅಂದಳು. ಅವಳು ಅಂದದ್ದಕ್ಕೆ ನನಗೆ ಉರಿಯಿತು.

ಚಳ್ಳಕೆರೆ ಠಾಣೆಗೆ ಹೋದೆ. ಅದೇ ಮನುಷ್ಯ ಮೇಜಿನ ಹಿಂದೆ ಕೂತಿದ್ದ.

"ಏನಜ್ಜಿ, ಸೀರೆ ಒಣಗ್ತಾ?"

"ನಾನು ಹೇಳಿದ್ದು ಸುಳ್ಳು. ಮನೇಲಿ ವೈರ್‌ಲೆಸ್ ಐತೆ. ಬರ್ಕೋ."

"ನಿನ್ನೆ ಇಲ್ಲ, ಇವತ್ತು ಐತೆ. ಯಾರು ಹೇಳ್ಕೊಟ್ರು?"

"ಯಾರೂ ಹೇಳ್ಕೊಟ್ಟಿಲ್ಲ. ನಿನ್ನೆ ನಿನ್ನ ನಂಬಲಿಲ್ಲ, ಅದಕ್ಕೇ ಅಂದೆ."

"ಇವತ್ತು ನಂಬ್ತೀರಾ?"

"ಇವತ್ತೂ ಇಲ್ಲ."

ಆ ಕಡೆ ಕೂತಿದ್ದ ಹೆಣ್ಣು ಪೋಲೀಸು ನಕ್ಕಳು. ಇವನು ಫೈಲು ಮುಚ್ಚಿದ. ವರದಿ ಇನ್ನೂ ಕಳಿಸಿಲ್ಲ, ನಾಳಿದ್ದು ಕಳಿಸಲೇಬೇಕು, ಕಳಿಸುವ ಮುಂಚೆ ಅವತ್ತು ಬೆಳಿಗ್ಗೆ ಬಂದು ಯಂತ್ರ ಮಾತಾಡುವುದನ್ನು ಕಣ್ಣಾರೆ ನೋಡುತ್ತೇನೆ, ಇಲ್ಲದಿದ್ದರೆ ಮೊದಲು ಬರೆದದ್ದೇ ಹೋಗುತ್ತದೆ ಅಂದ.

ಯಂತ್ರ ಮೊಳಕಾಲ್ಮುರಿನಲ್ಲಿತ್ತು. ಅಲ್ಲಿಂದಲೇ ಮೊಳಕಾಲ್ಮುರಿನ ಬಸ್ಸು ಹಿಡಿದೆ.

ಬೀಗತಿ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ನೇಯುತ್ತಿದ್ದಳು. ನಮ್ಮ ಹತ್ತಿರ ಯಾವಾಗಲೂ ಕನ್ನಡ ಆಡುವವಳು ಅವತ್ತು ತೆಲುಗಿನಲ್ಲಿ "ಕೂರ್ಚೋಂಡಿ" ಅಂದಳು. ಕೂತುಕೊಳ್ಳಿ ಅಂತ ಅಷ್ಟು ಮರ್ಯಾದೆ ಕೊಟ್ಟಾಗಲೇ ಗೊತ್ತಾಯಿತು, ಇಲ್ಲಿ ನಾನು ಬೇಡದವಳು ಅಂತ. ಮಗ್ಗ ನಿಲ್ಲಿಸಲಿಲ್ಲ. ಸೊಸೆ ಒಳಗಿಂದ ಬಂದು ಗೋಡೆಗೆ ಆನಿಕೊಂಡು ನಿಂತಳು.

"ಯಾಕೆ ಬಂದ್ರಿ, ಅತ್ತೆ?"

"ಪೆಟ್ಟಿಗೆ ಬೇಕು. ನಾಳಿದ್ದು ಪೋಲೀಸಿನೋನು ನೋಡೋಕೆ ಬರ್ತಾನೆ."

"ಪೆಟ್ಟಿಗೆ ಅಷ್ಟೇನಾ?"

"ಅದನ್ನ ಹಚ್ಚೋಕೆ ನನಗೆ ಬರಲ್ಲ. ನೀನೂ ಬಾ."

ಮಗ್ಗದ ಸದ್ದು ನಿಂತಿತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಇದರಲ್ಲೂ ಏನೋ ಕಿತಾಪತಿ ಇದೆ ಅಂತ ಇಬ್ಬರಿಗೂ ಅನಿಸಿತ್ತು, ನನಗೆ ಕಾಣುತ್ತಿತ್ತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ.

"ಒಂದು ಕೇಳ್ತೀನಿ" ಅಂದಳು ಸೊಸೆ. "ಅವನು ನೌಕರಿ ವಿಷಯಕ್ಕೆ ಬಂದವನೆ ಅಂತ ಮೊದಲೇ ಗೊತ್ತಿದ್ದಿದ್ರೆ ಐತೆ ಅಂತಿದ್ರಾ?"

ಅಂತಿದ್ದೆ ಅನ್ನಬಹುದಾಗಿತ್ತು. ಗೌರಸಮುದ್ರದ ಮಾರಮ್ಮನ ಆಣೆ ಇಡು ಅಂದಿದ್ದರೆ ಏನು ಮಾಡುತ್ತಿದ್ದೆನೋ.

"ಗೊತ್ತಿಲ್ಲ" ಅಂದೆ.

"ಇದೊಂದು ನಿಜ ಹೇಳಿದ್ರಿ" ಅಂದು ಟ್ರಂಕು ತರಲು ಒಳಗೆ ಹೋದಳು.

ಹೇಳಿದ ದಿನ ಪೋಲೀಸಿನವನು ಬಂದ. ಸೊಸೆ ತಂತಿ ಸಿಕ್ಕಿಸಿ ತನ್ನ ಗುರುತು ಕೂಗಿದಳು. ಬರೀ ಗೊರಗೊರ. ಮತ್ತೆ ಕೂಗಿದಳು. ಗೊರಗೊರ. ಅವನು ಗಡಿಯಾರ ನೋಡಿಕೊಂಡ. ಸೊಸೆಯ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಐದನೇ ಸಲವೋ ಆರನೇ ಸಲವೋ ಒಬ್ಬ ಗಂಡಸಿನ ದನಿ ಬಂತು, ಮಧುರೆಯಿಂದ. ಐದು ಒಂಬತ್ತು ಅಂದ. ಆ ನಂಬರು ಕೇಳಿ ನನಗೆ ಉಸಿರು ಬಂತು.

ಪೋಲೀಸಿನವನಿಗೂ ಆಸೆಯಾಯಿತು. "ನಾನೊಂದು ಮಾತಾಡ್ಲಾ?" ಅಂತ ಮೈಕಿಗೆ ಕೈ ಚಾಚಿದ.

"ಸಾರ್, ಲೈಸೆನ್ಸ್ ಇಲ್ದೋರು ಮುಟ್ಟಂಗಿಲ್ಲ."

ಅವನು ಕೈ ಹಿಂದಕ್ಕೆ ತಗೊಂಡ. ಮುಟ್ಟಬಾರದು ಅನ್ನುವುದು ನನಗೊಬ್ಬಳಿಗೇ ಇಟ್ಟ ಕಟ್ಟು ಅಂದುಕೊಂಡಿದ್ದೆ.

ನನ್ನ ಹೇಳಿಕೆ ಬರೆದು ಹೆಬ್ಬೆಟ್ಟು ಒತ್ತಿ ಅಂದ. ಮೊದಲು ಜೋರಾಗಿ ಓದು ಅಂದೆ. ಓದಿದ. ಅವನು ಬೇರೆ ಏನಾದರೂ ಬರೆದುಕೊಂಡು ಬೇರೆ ಓದಿರಬಹುದು ಅಂತ ಸೊಸೆ ಕೈಗೂ ಕೊಟ್ಟು ಓದಿಸಿದೆ. ಆಮೇಲೆ ಹೆಬ್ಬೆಟ್ಟು ಬೇಡ ಅಂದು, ರಾತ್ರಿ ಶಾಲೆಯಲ್ಲಿ ಕಲಿತ ಹಾಗೆ ಸೊಟ್ಟಗೆ ಸಹಿ ಹಾಕಿದೆ.

ಸೊಸೆಗೆ ಕೆಲಸದ ಆರ್ಡರು ಬಂತು. ಈಗ ದುರ್ಗದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುತ್ತಾಳೆ. ಅಲ್ಲಿ ಮನಸ್ಸಿಗೆ ಬಂದದ್ದು ಮಾತಾಡುವ ಹಾಗಿಲ್ಲವಂತೆ, ಹೇಳಿದ್ದನ್ನಷ್ಟೇ ಹೇಳಬೇಕಂತೆ. ಅದಕ್ಕೇ ರಜೆಗೆ ಬಂದಾಗ ನಮ್ಮ ಹಿತ್ತಿಲ ತಂತಿಗೆ ಪೆಟ್ಟಿಗೆ ಸಿಕ್ಕಿಸಿ ಬಾಯಿ ಚಪಲ ತೀರಿಸಿಕೊಳ್ಳುತ್ತಾಳೆ. ರೊಟ್ಟಿ ನಾನೇ ತಟ್ಟುತ್ತೇನೆ.

ಮೊನ್ನೆ ಇನ್ನೊಬ್ಬ ಫೈಲು ಹಿಡಿದು ಬಂದ, ಕುರಿ ಎಷ್ಟವೆ ಅಂತ. ಅವನನ್ನು ಬಿಸಿಲಲ್ಲೇ ನಿಲ್ಲಿಸಿ ಸೊಸೆಗೆ ಫೋನು ಮಾಡಿದೆ.

"ಏನು ಅನ್ಲಿ?"

"ಎಷ್ಟವೋ ಅಷ್ಟು ಹೇಳ್ರಿ, ಅತ್ತೆ."

ಎರಡು ಕಮ್ಮಿ ಹೇಳಿದೆ. ಅವನು ಲಸಿಕೆ ಹಾಕುವವನು. ಆ ಎರಡಕ್ಕೆ ಲಸಿಕೆ ಬೀಳಲಿಲ್ಲ.